ಅಗ್ಗದ ಕಾರು ಸರಿ, ಮಾರುವವನಿಗೆ ಪರವಾನಗಿ ಇದೆಯಾ?

ಮಾನ್ಯ ಸಂಪಾದಕರೇ,

ನಮ್ಮೂರಿನ ರಿಂಗ್ ರಸ್ತೆಯಲ್ಲಿ ಈಗ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗಳು ಜಾಸ್ತಿಯಾಗುತ್ತಿವೆ. ಎರಡು ಮೂರು ಲಕ್ಷಕ್ಕೆ ಫಳಫಳ ಹೊಳೆಯುವ ಗಾಡಿ. 'ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ್ದು' ಎಂಬ ಮಾತು ಬೇರೆ. (ಇಷ್ಟೊಂದು ಡಾಕ್ಟರುಗಳು ಕಾರು ಮಾರುತ್ತಿದ್ದರೆ ಆಸ್ಪತ್ರೆಗೆ ಹೇಗೆ ಹೋಗುತ್ತಾರೋ!) ಕೊಳ್ಳಲು ಹೋದವರು ಬಾನೆಟ್ ಎತ್ತಿಸುತ್ತಾರೆ, ಎಸಿ ಹಾಕಿಸುತ್ತಾರೆ, ಒಂದು ರೌಂಡ್ ಓಡಿಸುತ್ತಾರೆ. ಡೀಲರ್‌ಗೆ ಮಾರಲು ಪರವಾನಗಿ ಇದೆಯಾ ಎಂದು ಕೇಳಿದವರನ್ನು ಮಾತ್ರ ನಾನು ಕಾಣೆ.

ಹಳೆ ಗಾಡಿ ಮಾರುವ ಡೀಲರ್ ಆರ್‌ಟಿಒ ಕಚೇರಿಯಿಂದ ಅಧಿಕಾರ ಪತ್ರ ಪಡೆದಿರಬೇಕು ಎಂಬ ನಿಯಮ 2023ರ ಏಪ್ರಿಲ್ 1ರಿಂದಲೇ ಜಾರಿಯಲ್ಲಿದೆ. ಮಾಲೀಕರು ಗಾಡಿಯನ್ನು ಅವನ ಕೈಗೆ ಕೊಟ್ಟಾಗ ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು. ಅಲ್ಲಿಂದ ಮುಂದೆ ಗಾಡಿಯ ಹೊಣೆ ಡೀಲರ್‌ನದೇ. ಆದರೆ ಹಲವು ಕಡೆ ಇನ್ನೂ ಹಳೇ ಪದ್ಧತಿಯೇ ನಡೆದಿದೆ. ಮಾಲೀಕರಿಂದ ಖಾಲಿ ಫಾರಂ 29, 30ಕ್ಕೆ (ಗಾಡಿಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವ ಅರ್ಜಿಗಳು) ಸಹಿ ಹಾಕಿಸಿಕೊಂಡು ಇಟ್ಟಿರುತ್ತಾರೆ. ಗಾಡಿ ಮೂರು ಕೈ ದಾಟಿದರೂ ಆರ್‌ಸಿಯಲ್ಲಿ ಮೊದಲಿನವರ ಹೆಸರೇ ಇರುತ್ತದೆ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರ ಮೇಲೇ ಬೀಳುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೊಂಡವರಿಗಷ್ಟೇ ಅಲ್ಲ, ಮಾರಿದವರಿಗೂ ಇದು ತಲೆನೋವೇ ಅಲ್ವಾ?

ಇನ್ನು ದೆಹಲಿ ಗಾಡಿಗಳ ಕತೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಬಹಳ ಕಾಲದಿಂದ ನಿರ್ಬಂಧದ ತೂಗುಗತ್ತಿ ಇದೆ. ಹೀಗಾಗಿ ಆ ಗಾಡಿಗಳು ಅಗ್ಗಕ್ಕೆ ಸಿಕ್ಕಿ ದಕ್ಷಿಣಕ್ಕೆ ಬರುತ್ತವೆ. ಬಂದಿದ್ದು ತಪ್ಪಲ್ಲ. ಆದರೆ ದೆಹಲಿ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು, ಕೆಎ ನಂಬರಿಗೆ ಬದಲಾಯಿಸಬೇಕು. ನನ್ನ ಪರಿಚಯದವರೊಬ್ಬರು ಡೀಲರ್ ಹೇಳಿದ ರೇಟಷ್ಟೇ ಖರ್ಚು ಎಂದುಕೊಂಡು ಕೊಂಡರು. ಟ್ಯಾಕ್ಸ್ ಲೆಕ್ಕ ಬಂದಾಗ ಅಗ್ಗ ಎಂಬುದು ಎಲ್ಲೋ ಹೋಗಿತ್ತು. 'ಅದು ನಿಮ್ಮ ಖರ್ಚು ಸಾರ್' ಎಂದ ಡೀಲರ್ ಆಮೇಲೆ ಫೋನ್ ಎತ್ತಲಿಲ್ಲ.

ಅಡ್ವಾನ್ಸ್ ಕೊಡುವ ಮೊದಲೇ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಬ್ಯಾಂಕ್ ಸಾಲ ಇದೆಯಾ, ಇನ್ಶೂರೆನ್ಸ್ ಎಂದಿನವರೆಗೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪತ್ರ) ಅವಧಿ ಮುಗಿದಿದೆಯಾ ಎಂಬುದು ಕೂತಲ್ಲೇ ಗೊತ್ತಾಗುತ್ತದೆ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರಲಿ. ಟ್ರಾಫಿಕ್ ದಂಡ ಬಾಕಿ ಇದೆಯಾ ಎಂದೂ ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಕಾರುಗಳು ಮುಳುಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ನೀರು ಕುಡಿದ ಗಾಡಿಗೆ ಪಾಲಿಶ್ ಹೊಡೆಸುವುದು ಸುಲಭ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ಕೆಸರಿನ ಕಲೆ ಅಲ್ಲಿ ಉಳಿದಿರಬಹುದು. ಮೀಟರ್ ತಿರುಗಿಸಿದ ಅನುಮಾನ ಬಂದರೆ ಕಂಪನಿ ಸರ್ವಿಸ್ ಸೆಂಟರ್‌ನ ದಾಖಲೆ ಕೇಳಿ.

ಇಷ್ಟೆಲ್ಲ ಹೊರೆಯನ್ನು ಕೊಳ್ಳುವವರ ತಲೆಗೇ ಕಟ್ಟುವುದು ಸರಿಯಲ್ಲ. ಮೆಡಿಕಲ್ ಶಾಪ್‌ನಲ್ಲಿ ಲೈಸೆನ್ಸ್ ಗೋಡೆಗೆ ತೂಗುಹಾಕಿರುವ ಹಾಗೆ, ಕಾರಿನ ಅಂಗಡಿಯಲ್ಲೂ ಅಧಿಕಾರ ಪತ್ರ ಎದುರಿಗೇ ಕಾಣುವಂತೆ ಸಾರಿಗೆ ಇಲಾಖೆ ನೋಡಿಕೊಳ್ಳಲಿ. ಅಧಿಕೃತ ಡೀಲರ್‌ಗಳ ಪಟ್ಟಿಯನ್ನು ಕನ್ನಡದಲ್ಲಿ ಪ್ರತಿ ಆರ್‌ಟಿಒ ಕಚೇರಿಯ ಬಾಗಿಲಲ್ಲೇ ಹಾಕಲಿ. ಪತ್ರ ಇಲ್ಲದವರ ಅಂಗಡಿಗೆ ಅಧಿಕಾರಿಗಳು ಒಮ್ಮೆ ಹೋಗಿ ಬರಲಿ.

– ಒಬ್ಬ ಓದುಗ, ತುಮಕೂರು