ವಾರಾಂತ್ಯದ ಪುಟದಲ್ಲಿ ವಾರದ ರಜೆಯನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ವಾರಾಂತ್ಯ ಕಳೆಯುವ ಬಗೆಗೆ ಪತ್ರಿಕೆಗಳ ಪುರವಣಿಗಳಲ್ಲಿ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಹೊಸದಾಗಿ ತೆರೆದ ಹೋಟೆಲಿನ ಒಳಾಂಗಣ ಹೇಗಿದೆ, ತಟ್ಟೆಯಲ್ಲಿ ಏನನ್ನು ಹೇಗೆ ಜೋಡಿಸಿದ್ದಾರೆ ಎಂಬುದೆಲ್ಲ ಅವುಗಳಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ಓದಿ ಮನೆಯಿಂದ ಹೊರಡುವವನಿಗೆ ಮೊದಲು ಬೇಕಾದ ಸಂಗತಿ, ಅಂದರೆ ಆ ಬಾಗಿಲು ಯಾವ ದಿನ ತೆರೆದಿರುತ್ತದೆ, ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಈ ಮಾತನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಬೀಗರನ್ನು, ಮೊಬೈಲಿನಲ್ಲಿ ಕಂಡ ವಿಡಿಯೊ ಒಂದನ್ನು ನಂಬಿ, ನಗರದ ಇನ್ನೊಂದು ತುದಿಯ ಹಳೆಯ ಹೋಟೆಲೊಂದಕ್ಕೆ ಕರೆದೊಯ್ದಿದ್ದೆ. ಮುಕ್ಕಾಲು ಗಂಟೆ ಆಟೊದಲ್ಲಿ ಕುಳಿತು ಹೋಗಿ ಇಳಿದರೆ ಬಾಗಿಲಿಗೆ ಬೀಗ. ಅಂದು ಅವರಿಗೆ ವಾರದ ರಜೆ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು, ‘ಈ ಬೀದಿಯಲ್ಲಿ ಯಾರನ್ನು ಕೇಳಿದ್ದರೂ ಹೇಳ್ತಿದ್ರಲ್ಲ ಸ್ವಾಮಿ’ ಎಂದರು. ಬೀಗರ ಮುಂದೆ ಬೀಗ ನೋಡುತ್ತ ನಿಂತ ಮುಜುಗರ ಹಾಗಿರಲಿ, ಆ ಹೆಂಗಸಿನ ಮಾತು ನ್ಯಾಯವಾಗಿತ್ತು. ಲಕ್ಷಾಂತರ ಜನ ನೋಡಿದ ವಿಡಿಯೊದಲ್ಲಿ ಇಲ್ಲದ ಮಾಹಿತಿ ಅಲ್ಲಿ ಹೂ ಮಾರುವವರಿಗೆ ಗೊತ್ತಿತ್ತು.

ನಮ್ಮ ಕಡೆಯ ವಿಷಯವನ್ನೇ ಹೇಳುವುದಾದರೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಎಂಬುದನ್ನು ಬಸವನಗುಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ವಿಷಯ ಇನ್ನೂ ವಿಚಿತ್ರ: ವಾರವಿಡೀ ದುಡಿದ ಮಂದಿ ಊರ ಮೂಲೆಮೂಲೆಗಳಿಂದ ಇಡ್ಲಿ, ವಡೆ ತಿನ್ನಲು ಹೊರಡುವ ಭಾನುವಾರವೇ ಅದು ತೆರೆಯುವುದಿಲ್ಲ. ಅಲ್ಲಿ ಸಾಂಬಾರು ಕೇಳಬಾರದು, ಚಟ್ನಿಯನ್ನು ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು ಎಂಬುದೂ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯೇ. ಭಾನುವಾರ ಮೆಟ್ರೊ ರೈಲು ಶುರುವಾಗುವುದು ಬೆಳಿಗ್ಗೆ 7ಕ್ಕೆ. ಆದ್ದರಿಂದ ದೂರದ ಬಡಾವಣೆಯಿಂದ ಮೆಟ್ರೊ ಹಿಡಿದು ಬರುವವರು ಗಾಂಧಿ ಬಜಾರು ತಲುಪುವ ಹೊತ್ತಿಗೆ, ಆರೂವರೆಗೇ ವಾಕಿಂಗ್ ಮುಗಿಸಿ ಬಂದ ನಮ್ಮಂಥವರು ದೋಸೆಯ ಸಾಲಿನಲ್ಲಿ ಮುಂದೆ ನಿಂತಿರುತ್ತೇವೆ. ಇದನ್ನು ತಿಳಿದವರು ಶನಿವಾರವೇ ಬರುತ್ತಾರೆ.

ತಿಂಡಿಗಿಂತ ಹೆಚ್ಚು ನಷ್ಟವಾಗುತ್ತಿರುವುದು ರಂಗಭೂಮಿಗೆ ಮತ್ತು ಸಂಗೀತಕ್ಕೆ. ಶಂಕರ್ ನಾಗ್ ಅವರ ನೆನಪಿನಲ್ಲಿ 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರದಲ್ಲಿ ಸೋಮವಾರ ಬಿಟ್ಟರೆ ಹೆಚ್ಚುಕಡಿಮೆ ಪ್ರತಿದಿನವೂ ನಾಟಕ ಇರುತ್ತದೆ. ಸಂಜೆಯ ಪ್ರದರ್ಶನ 7.30ಕ್ಕೆ ಎಂದರೆ 7.30ಕ್ಕೇ. ಬಾಗಿಲು ಹಾಕಿದ ಮೇಲೆ ಟಿಕೆಟ್ ಕೈಯಲ್ಲಿದ್ದರೂ ಒಳಗೆ ಬಿಡುವುದಿಲ್ಲ. ಆ ಶಿಸ್ತನ್ನು ನಾನು ಮೆಚ್ಚುತ್ತೇನೆ. ಆದರೆ ಮೊದಲ ಬಾರಿಗೆ ಕುಟುಂಬ ಸಮೇತ ಹೊರಟವರು ಬನಶಂಕರಿಯ ಸಿಗ್ನಲ್‌ಗಳಲ್ಲಿ ಸಿಕ್ಕಿಬಿದ್ದು ಐದು ನಿಮಿಷ ತಡವಾಗಿ ಬಂದು ಹಿಂತಿರುಗಿದರೆ, ಅವರು ನಾಟಕದ ಕಡೆಗೆ ಮತ್ತೆ ತಲೆಹಾಕುವುದು ಕಷ್ಟ. ‘ಅರ್ಧ ಗಂಟೆ ಮುಂಚೆ ಬನ್ನಿ, ಅಲ್ಲಿನ ಕ್ಯಾಂಟೀನಿನಲ್ಲೇ ಏನಾದರೂ ತಿಂದು ಒಳಗೆ ಹೋಗಿ’ ಎಂದು ಅಭ್ಯಾಸವಿರುವ ಪ್ರೇಕ್ಷಕರೊಬ್ಬರು ಎರಡು ಸಾಲು ಬರೆದಿದ್ದರೆ ಆ ಸಂಸಾರ ನಾಟಕ ನೋಡಿಯೇ ಮನೆಗೆ ಹೋಗುತ್ತಿತ್ತು. ಭಾನುವಾರ ಮಧ್ಯಾಹ್ನ 3.30ಕ್ಕೂ ಒಂದು ಪ್ರದರ್ಶನ ಇರುತ್ತದೆ. ರಾತ್ರಿ ಹೊರಗೆ ಉಳಿಯಲಾಗದ ಹಿರಿಯರಿಗೆ ಅದು ಎಷ್ಟು ಅನುಕೂಲವೆಂಬುದು ಹೊಸಬರಿಗೆ ಹೊಳೆಯುವುದಿಲ್ಲ.

ಇನ್ನು ದುಡ್ಡಿಲ್ಲದೆಯೇ ಸಿಗುವ ಸುಖವಂತೂ ಈ ಪುಟಗಳ ಕಣ್ಣಿಗೆ ಬೀಳುವುದೇ ಇಲ್ಲ. ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದ ಉಪನ್ಯಾಸ, ಸಂಗೀತ, ನೃತ್ಯದ ಕಾರ್ಯಕ್ರಮಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಏರ್ಪಡಿಸುತ್ತ ಬಂದಿದೆ. 1905ರಷ್ಟು ಹಳೆಯದಾದ ಬೆಂಗಳೂರು ಗಾಯನ ಸಮಾಜವೂ ಅಲ್ಲಿಂದ ದೂರವಿಲ್ಲ. ಇಂಥ ಸಭೆಗಳಲ್ಲಿ ಎಷ್ಟೋ ಸಂಜೆ ವೇದಿಕೆಯ ಮೇಲೆ ಒಳ್ಳೆಯ ಗಾಯಕರಿದ್ದೂ ಹಿಂದಿನ ಹತ್ತು ಸಾಲು ಖಾಲಿ ಇರುವುದನ್ನು ನೋಡಿದ್ದೇನೆ. ಅದೇ ಹೊತ್ತಿಗೆ ಎರಡು ರಸ್ತೆಯಾಚೆ, ಸಜ್ಜನ್ ರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಛೇರಿ ಕೇಳಿ ಅಲ್ಲಿಗೆ ನಡೆದು ಹೋಗಿ ಹೋಳಿಗೆ ತಿಂದು ಮನೆ ಸೇರಬಹುದೆಂದು ಯಾರಾದರೂ ಈ ಎರಡನ್ನೂ ಒಂದೇ ಸಂಜೆಗೆ ಹೊಂದಿಸಿ ತೋರಿಸಬೇಕು. ಅದನ್ನು ಮಾಡಬಲ್ಲವರು ಆ ಬಡಾವಣೆಯಲ್ಲಿ ಬಾಳಿದವರೇ ಹೊರತು ಜಾಹೀರಾತಿನ ಕರಪತ್ರ ನೋಡಿ ಬರೆಯುವವರಲ್ಲ.

ಆದ್ದರಿಂದ ಶನಿವಾರದ ಸಂಚಿಕೆಯಲ್ಲಿ ಅರ್ಧ ಪುಟವನ್ನಾದರೂ ಓದುಗರಿಗೆ ಬಿಟ್ಟುಕೊಡಬೇಕೆಂದು ವಿನಂತಿಸುತ್ತೇನೆ. ಮಲ್ಲೇಶ್ವರದವರು ಮಲ್ಲೇಶ್ವರದ ಬಗ್ಗೆ, ಯಲಹಂಕದವರು ಯಲಹಂಕದ ಬಗ್ಗೆ ನೂರು ಪದಗಳಲ್ಲಿ ಬರೆಯಲಿ. ವಾರದ ರಜೆ, ಆರಂಭದ ಸಮಯ, ಟಿಕೆಟ್ ದರ, ಹಿಂತಿರುಗಲು ಬಸ್ಸು ಅಥವಾ ಮೆಟ್ರೊ, ಮೊಣಕಾಲು ನೋವಿನವರಿಗೆ ಎಷ್ಟು ಮೆಟ್ಟಿಲು, ಶೌಚಾಲಯ ಇದೆಯೇ ಎಂಬುದನ್ನು ಕಡ್ಡಾಯವಾಗಿ ತಿಳಿಸಲಿ. ತಾವು ಹಣ ಕೊಟ್ಟು ತಿಂದ, ಟಿಕೆಟ್ ಕೊಂಡು ನೋಡಿದ ಸಂಗತಿಯನ್ನಷ್ಟೇ ಬರೆಯಬೇಕೆಂಬ ಷರತ್ತೂ ಇರಲಿ. ಇಲ್ಲವಾದರೆ ಮಾಲೀಕರ ಭಾವಮೈದುನರ ಪತ್ರಗಳೇ ಹೆಚ್ಚು ಬಂದಾವು.

ಒಂದು ಆಕ್ಷೇಪ ಬರಬಹುದು. ಹೀಗೆ ಬರೆದರೆ ನಾಲ್ಕು ಮೇಜಿನ ಪುಟ್ಟ ಹೋಟೆಲಿಗೆ ನಾನೂರು ಜನ ನುಗ್ಗಿ, ನಿತ್ಯ ಬರುವವರಿಗೇ ಕಾಫಿ ಸಿಗದಂತಾಗುತ್ತದೆ ಎಂದು ನನ್ನ ವಾಕಿಂಗ್ ಗೆಳೆಯರು ಈಗಾಗಲೇ ಎಚ್ಚರಿಸಿದ್ದಾರೆ. ಅದರಲ್ಲಿ ಸತ್ಯವಿದೆ. ಹನುಮಂತನಗರದಲ್ಲಿ ನಾನು ದಿನವೂ ಕಾಫಿ ಕುಡಿಯುವ ಜಾಗದ ಹೆಸರನ್ನು ಈ ಪತ್ರದಲ್ಲಿ ಬೇಕೆಂದೇ ಬರೆದಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ನಾಟಕಕ್ಕೂ ಕಛೇರಿಗೂ ಅಂಥ ಭಯ ಬೇಕಿಲ್ಲ. ಅಲ್ಲಿ ಕುರ್ಚಿಗಳು ಕಾದಿವೆ.

ಈ ಅಂಕಣವನ್ನು ಕಡಲೆಕಾಯಿ ಪರಿಷೆಯ ವಾರದಿಂದ ಆರಂಭಿಸಬಹುದು. ಮೊದಲ ಸಲಹೆ ನನ್ನದೇ ಇರಲಿ: ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರವಾದರೂ ಬುಲ್ ಟೆಂಪಲ್ ರಸ್ತೆಯಲ್ಲಿ ರಾಶಿಗಳು ಅದಕ್ಕೆ ಮುಂಚಿನ ಶನಿವಾರವೇ ಬಿದ್ದಿರುತ್ತವೆ. ಕಾರು ತರದೆ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಬನ್ನಿ, ಸಂಜೆಯ ನೂಕುನುಗ್ಗಲಿಗೆ ಮುಂಚೆ ಬೆಳಿಗ್ಗೆಯೇ ಬನ್ನಿ, ಬರುವಾಗ ಬಟ್ಟೆಯ ಚೀಲ ತನ್ನಿ.

ಇತಿ ತಮ್ಮ ವಿಶ್ವಾಸಿ,
ಹಿರಿಯ ಓದುಗ,
ಹನುಮಂತನಗರ, ಬೆಂಗಳೂರು