ಕಡಲಹದ್ದಿನ ಬೆನ್ನಿಗೆ ಡ್ರೋನ್ ಬೇಡ

ಮಾನ್ಯರೇ,

ಹೊನ್ನಾವರ ಬಳಿಯ ಅಪ್ಸರಕೊಂಡದ ಕಡಲಂಚಿನ ಗುಡ್ಡದಲ್ಲಿ ಪ್ರವಾಸಿಗರು ಹಾರಿಸುವ ಡ್ರೋನ್‌ಗಳಿಂದ ಬೇಟೆಹಕ್ಕಿಗಳಿಗೆ ಕಿರುಕುಳವಾಗುತ್ತಿದ್ದು, ಇದನ್ನು ತಡೆಯಬೇಕಾಗಿದೆ.

ಕಳೆದ ಭಾನುವಾರ ಸಾಗರದಿಂದ ನಸುಕಿನಲ್ಲೇ ಹೊರಟು, ಗೇರುಸೊಪ್ಪೆ ಘಾಟಿ ಇಳಿದು ಅಲ್ಲಿಗೆ ಹೋಗಿದ್ದೆವು. ಶರಾವತಿ ಹಿನ್ನೀರಿನಲ್ಲಿ ಗರುಡ ನಮಗೆ ಹೊಸತಲ್ಲ. ನಾವು ಘಟ್ಟ ಇಳಿದದ್ದು ಬಿಳಿಹೊಟ್ಟೆಯ ಕಡಲಹದ್ದಿಗಾಗಿಯೇ. ಎರಡು ತಾಸು ಕಾದ ಮೇಲೆ ಬಂದ ಹದ್ದು, ಅಲೆಯ ಮೇಲಿಂದ ಮೀನನ್ನು ಎತ್ತಿಕೊಂಡು ಕರಿಬಂಡೆಯತ್ತ ತಿರುಗುತ್ತಿದ್ದಂತೆಯೇ ಗುಂಯ್‌ಗುಡುತ್ತ ಡ್ರೋನೊಂದು ಅದನ್ನು ಬೆನ್ನಟ್ಟಿತು. ಬೆದರಿದ ಹಕ್ಕಿ ಮೀನನ್ನು ಬಿಟ್ಟು ದೂರ ಹೋಯಿತು. ಹಾರಿಸಿದವರಿಗೆ ಅದೂ ಒಂದು ವಿಡಿಯೊ, ಅಷ್ಟೆ.

ಕಡಲಿಗೆ ಹತ್ತಿರದ ಎತ್ತರದ ಮರಗಳಲ್ಲಿ ಕಟ್ಟಿದ ಗೂಡನ್ನೇ ವರ್ಷವರ್ಷವೂ ಕಡ್ಡಿ ಸೇರಿಸಿ ಬಳಸುವ ಈ ಹಕ್ಕಿ ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಕಾವಿನ ವೇಳೆ ಬೆದರಿ ಎದ್ದುಹೋದರೆ ಆ ವರ್ಷದ ಸಂತಾನವೇ ಕೈತಪ್ಪಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಕಾಗದದಲ್ಲಿದ್ದರೆ ಸಾಲದು.

ಆದ್ದರಿಂದ ಗೂಡು ಕಟ್ಟಿ ಮರಿ ಮಾಡುವ ತಿಂಗಳುಗಳಲ್ಲಾದರೂ ಅರಣ್ಯ ಇಲಾಖೆಯು ಇಲ್ಲಿ ಡ್ರೋನ್ ಹಾರಾಟವನ್ನು ನಿಷೇಧಿಸಿ, ಗುಡ್ಡ ಹತ್ತುವ ದಾರಿಯಲ್ಲೇ ಕನ್ನಡದಲ್ಲಿ ಫಲಕ ಹಾಕಿ, ರಜಾದಿನಗಳಲ್ಲಿ ಒಬ್ಬ ಕಾವಲುಗಾರರನ್ನು ನೇಮಿಸಬೇಕೆಂದು ಕೋರುತ್ತೇನೆ.

– ಪಕ್ಷಿವೀಕ್ಷಕ, ಸಾಗರ