ಕುಳಿತೇ ಇರುವವನಿಗೆ ‘ಇಲ್ಲೇ ಕೂತಿರಿ’ ಎಂದ ಪ್ರವಾಸ ಸಂಸ್ಥೆಗೆ ಒಂದು ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಬೆಂಗಳೂರು ಕಚೇರಿ.

ವಿಷಯ: ಇಟಲಿ ಪ್ರವಾಸದ ಫ್ಲಾರೆನ್ಸ್ ದಿನದಂದು ಒಪ್ಪಿಕೊಂಡ ಸೇವೆಯನ್ನು ನೀಡದಿರುವ ಬಗ್ಗೆ.

ಮಾನ್ಯರೇ,

ಕಳೆದ ಗುರುವಾರ ನಿಮ್ಮ ಸಂಸ್ಥೆಯಿಂದ ನನ್ನ ಮೊಬೈಲಿಗೆ ‘ನಿಮ್ಮ ದೂರನ್ನು ತೃಪ್ತಿಕರವಾಗಿ ಪರಿಹರಿಸಲಾಗಿದೆ’ ಎಂಬ ಸಂದೇಶವೂ, ಅದರ ಬೆನ್ನಿಗೇ ಮುಂದಿನ ಯುರೋಪ್ ಪ್ರವಾಸದಲ್ಲಿ 5,000 ರೂಪಾಯಿ ರಿಯಾಯಿತಿ ಕೊಡುವ ಕೂಪನ್ ಒಂದೂ ಬಂದವು. ತೃಪ್ತಿ ಯಾರಿಗಾಯಿತು ಎಂಬುದು ಸಂದೇಶದಲ್ಲಿ ಇರಲಿಲ್ಲ. ನಾನು ನಾಲ್ಕು ಸಲ ಫೋನ್ ಮಾಡಿದ್ದೇನೆ, ಎರಡು ಇಮೇಲ್ ಬರೆದಿದ್ದೇನೆ, ಆರೂ ಸಲ ‘ದಯವಿಟ್ಟು’ ಎಂಬ ಪದವನ್ನು ಬಳಸಿದ್ದೇನೆ. ಈ ಪತ್ರದಲ್ಲಿಯೂ ಸಂಯಮ ಮೀರಬಾರದೆಂದು ನಿಶ್ಚಯಿಸಿಕೊಂಡೇ ಬರೆಯಲು ಕುಳಿತಿದ್ದೇನೆ.

ಬುಕಿಂಗ್ ಸಮಯದಲ್ಲಿ ನಿಮ್ಮ ಅನುಬಂಧ ‘ಸಿ’ಯನ್ನು ನಾನು ಪೂರ್ತಿಯಾಗಿ ತುಂಬಿಕೊಟ್ಟಿದ್ದೆ. ನನ್ನ ವೀಲ್‌ಚೇರಿನ ಅಗಲ 64 ಸೆಂಟಿಮೀಟರ್, ತೂಕ 15 ಕಿಲೋ, ಮಡಚಬಹುದು. ನಾನು ಒಂದು ಮೆಟ್ಟಿಲನ್ನೂ ಹತ್ತಲಾರೆ. ಜೊತೆಗೆ ಬರುವ ನನ್ನ ಪತ್ನಿಗೆ 61 ವರ್ಷ, ಆಕೆ ನನ್ನನ್ನು ಎತ್ತಲಾರಳು. ಇಷ್ಟನ್ನೂ ಓದಿದ ಮೇಲೆಯೇ ನೀವು ‘ವಿಶೇಷ ನೆರವು ಶುಲ್ಕ’ವೆಂದು 18,500 ರೂಪಾಯಿ ಪಡೆದಿರಿ. ಆ ಶುಲ್ಕ ಕೊಟ್ಟ ಪ್ರವಾಸಿಗೆ ನೀಡಬೇಕಾದ ನೆರವಿನ ಬಗ್ಗೆ ನಿಮ್ಮ ಒಪ್ಪಂದದ ಕಲಂ 11 ಏನು ಹೇಳುತ್ತದೆ ಎಂಬುದನ್ನು ಅದನ್ನು ಬರೆದ ನಿಮಗೇ ನಾನು ಓದಿ ಹೇಳಬೇಕಾಗಿಲ್ಲ.

ಫ್ಲಾರೆನ್ಸ್ ನಗರದ ಮೇಲೆ ನನ್ನ ದೂರಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಹಳೆಯ ನಗರದೊಳಕ್ಕೆ ಪ್ರವಾಸಿ ಬಸ್ಸುಗಳನ್ನು ಬಿಡುವುದಿಲ್ಲ, ಬೀದಿಗಳಿಗೆ ಕಲ್ಲಿನ ಚಪ್ಪಡಿ ಹಾಸಿದ್ದಾರೆ, ಚಪ್ಪಡಿಗಳ ಸಂದಿಯಲ್ಲಿ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಇವನ್ನೆಲ್ಲ ತಿಳಿದೇ ಹೊರಟವನು ನಾನು. ಅಲ್ಲಿನ ಪ್ರಧಾನ ಚರ್ಚಾದ ಕೆಥೆಡ್ರಲ್‌ನ ಗುಮ್ಮಟಕ್ಕೆ 463 ಮೆಟ್ಟಿಲುಗಳಿವೆ, ಪಕ್ಕದ ಜೊತ್ತೊ ಗೋಪುರಕ್ಕೆ 414. ಎರಡಕ್ಕೂ ಲಿಫ್ಟ್ ಇಲ್ಲ. 15ನೇ ಶತಮಾನದಲ್ಲಿ ಗುಮ್ಮಟ ಕಟ್ಟಿದ ಬ್ರುನೆಲೆಸ್ಕಿ ನನ್ನನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿಲ್ಲವೆಂದು ನಾನು ಆಕ್ಷೇಪಿಸುವುದಿಲ್ಲ. ಆದರೆ 21ನೇ ಶತಮಾನದಲ್ಲಿ, ಅನುಬಂಧ ‘ಸಿ’ ಕೈಯಲ್ಲಿದ್ದ ನೀವು, ಆ 463 ಮೆಟ್ಟಿಲುಗಳನ್ನು ಹತ್ತುವ ಟಿಕೆಟ್ಟನ್ನು ನನ್ನ ಹೆಸರಿನಲ್ಲಿ ಖರೀದಿಸಿ, ಅದರ ಹಣವನ್ನು ನನ್ನಿಂದಲೇ ವಸೂಲಿ ಮಾಡಿ, ಮರಳಿ ಕೇಳಿದಾಗ ನಾನು ‘ನಿಗದಿತ ಸಮಯಕ್ಕೆ ಗೈರುಹಾಜರು’ ಎಂದು ಉತ್ತರಿಸಿದ್ದೀರಿ. ಮೂವತ್ತೊಂದು ವರ್ಷ ಮೇಷ್ಟರಾಗಿದ್ದವನಿಗೆ ಗೈರುಹಾಜರಿ ಹಾಕಿದವರು ನೀವೇ ಮೊದಲಿಗರು.

ಇನ್ನು ಮುಖ್ಯ ಘಟನೆ. ಗುಮ್ಮಟ ಹತ್ತಿದವರು ಇಳಿದು ಬಂದ ಮೇಲೆ ನಮ್ಮ ಗುಂಪಿನ 26 ಜನರೂ ಪಲಾತ್ಸೊ ವೆಕ್ಕಿಯೊ ಎಂಬ ಹಳೆಯ ಅರಮನೆಯ ಮುಂದಿನ ಚೌಕದಲ್ಲಿ ಸೇರಿದ್ದೆವು. ಮುಂದೆ ನೋಡಬೇಕಿದ್ದ ಉಫಿತ್ಸಿ ಎಂಬ ಕಲಾ ಮ್ಯೂಸಿಯಂ ಅಲ್ಲಿಂದ ಕೂಗಳತೆಯಲ್ಲಿದೆ. ನಿಮ್ಮ ಟೂರ್ ಮ್ಯಾನೇಜರ್ ಕೊರಳಿಗೆ ಹಾಕಿಕೊಂಡಿದ್ದ ಮೈಕನ್ನು ಆರಿಸದೆಯೇ, ಅಂದರೆ ಉಳಿದೆಲ್ಲರ ಕಿವಿಯಲ್ಲೂ ಕೇಳುವಂತೆ, ನನ್ನ ಕಡೆ ತಿರುಗಿ, “ಸಾರ್, ಒಳಗೆಲ್ಲ ಮೆಟ್ಟಿಲು. ನೀವು ಇಲ್ಲೇ ಕೂತಿರಿ, ಎರಡು ಗಂಟೇಲಿ ಬಂದ್ಬಿಡ್ತೀವಿ” ಎಂದರು.

“ಕೂತೇ ಇದೀನಲ್ಲಪ್ಪ,” ಎಂದೆ. ಇಬ್ಬರು ನಕ್ಕರು. ಟೂರ್ ಮ್ಯಾನೇಜರ್ ನಗಲಿಲ್ಲ, ನನ್ನನ್ನು ಬಿಟ್ಟು ನನ್ನ ಪತ್ನಿಯ ಕಡೆಗೆ ಬಾಗಿ, “ಮೇಡಂ, ಸಾರ್‌ಗೆ ಬಿಸಿಲು ತಡ್ಕೊಳ್ಳೋಕೆ ಆಗುತ್ತಾ?” ಎಂದು ಕೇಳಿದರು. “ಅವರಿಗೆ ಕಿವಿ ಕೇಳುತ್ತೆ, ಅವರನ್ನೇ ಕೇಳಿ,” ಎಂದಳು ಆಕೆ. ಒಳಗೆ ಲಿಫ್ಟ್ ಇದೆಯೇ ಎಂದು ಬಾಗಿಲಲ್ಲಿ ಒಮ್ಮೆ ವಿಚಾರಿಸಿ ಎಂದು ನಾನು ವಿನಂತಿಸಿದೆ. ಅದಕ್ಕೆ ಅವರು ಗುಂಪಿನತ್ತ ತಿರುಗಿ, “ಸಾರ್ ವಿಷಯ ವಿಚಾರಿಸ್ತಾ ನಿಂತ್ರೆ ಅರ್ಧ ಗಂಟೆ ಹೋಗುತ್ತೆ, ನಮ್ಮ ಸ್ಲಾಟ್ ತಪ್ಪುತ್ತೆ. ಹೊರಡೋಣ ಅನ್ನೋರು ಕೈ ಎತ್ತಿ” ಎಂದರು. ಹತ್ತೊಂಬತ್ತು ಕೈಗಳು ಎದ್ದವು. ಎಣಿಸಿದ್ದೇನೆ, ಎಣಿಸುವುದನ್ನು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಅದಕ್ಕೆ ಹಿಂದಿನ ದಿನವಷ್ಟೇ ನಮ್ಮೊಡನೆ ಚಕ್ಕುಲಿ ಹಂಚಿಕೊಂಡು ತಿಂದ ದಂಪತಿಯ ಕೈಗಳೂ ಅದರಲ್ಲಿದ್ದವು. ಆ ಬಡಪಾಯಿಗಳನ್ನು ನಾನು ದೂಷಿಸುವುದಿಲ್ಲ, ಕೈ ಎತ್ತಿ ಎಂದು ಹೇಳಿದವರು ನಿಮ್ಮ ಸಂಬಳ ಪಡೆಯುವವರು. ಯಾರೋ ಒಬ್ಬರು ಹಿಂದಿನಿಂದ “ಪಾಪ” ಎಂದರು. ಮೈಕ್ ಅದನ್ನೂ ಹಿಡಿದುಕೊಂಡಿತು.

ಹೊರಡುವ ಮುನ್ನ ನಿಮ್ಮ ಪ್ರತಿನಿಧಿ ಸಮಾಧಾನವನ್ನೂ ಹೇಳಿದರು. ಮಧ್ಯಾಹ್ನದ ಅಕಾಡೆಮಿಯಾ ಮ್ಯೂಸಿಯಂಗೂ ನಾನು ‘ಸುಮ್ಮನೆ ಆಯಾಸ’ ಮಾಡಿಕೊಂಡು ಬರಬೇಕಾಗಿಲ್ಲವಂತೆ. “ಅದೇ ಡೇವಿಡ್ ಇಲ್ಲೂ ಇದೆಯಲ್ಲ ಸಾರ್, ಇದನ್ನೇ ನೋಡಿ,” ಎಂದು ಚೌಕದಲ್ಲಿದ್ದ ಪ್ರತಿಮೆಯನ್ನು ತೋರಿಸಿದರು. ಮೈಕೆಲಾಂಜೆಲೊ 1504ರಲ್ಲಿ ಮುಗಿಸಿದ ಮೂಲ ಪ್ರತಿಮೆಯನ್ನು ಮಳೆ ಗಾಳಿಯಿಂದ ಉಳಿಸಲೆಂದು ಆ ಚೌಕದಿಂದ ಅಕಾಡೆಮಿಯಾಗೆ ಸಾಗಿಸಿದ್ದು 1873ರಲ್ಲಿ. ಈಗ ಅಲ್ಲಿರುವುದು 1910ರಲ್ಲಿ ನಿಲ್ಲಿಸಿದ ನಕಲು. ಮೂಲ ಇರುವುದು ನೆಲ ಅಂತಸ್ತಿನಲ್ಲಿ. ಅಂದರೆ ಮೆಟ್ಟಿಲಿನ ನೆಪವೂ ಇಲ್ಲದ ಕಡೆಗೆ ನನ್ನನ್ನು ಕರೆದೊಯ್ಯದೆ, ನಕಲಿನ ಮುಂದೆ ಬಿಟ್ಟು, ಅಸಲಿನ ಹಣ ಪಡೆಯಲಾಯಿತು. ಇಂಥ ವ್ಯವಹಾರಕ್ಕೆ ನಮ್ಮ ಮೈಸೂರಿನ ಮಾರುಕಟ್ಟೆಯಲ್ಲಿ ಬೇರೆ ಹೆಸರಿದೆ.

ಬಹಳ ಹೊತ್ತು ಕಾದ ಮೇಲೆ ನನ್ನ ಪತ್ನಿ ತಾನಾಗಿ ಎದ್ದು ಹೋಗಿ, ಬಾಗಿಲಲ್ಲಿದ್ದ ಸಿಬ್ಬಂದಿಗೆ ಕೈಸನ್ನೆಯಲ್ಲೇ ವೀಲ್‌ಚೇರನ್ನು ತೋರಿಸಿದಳು. ಆಕೆಗೆ ಇಟಾಲಿಯನ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಹತ್ತು ನಿಮಿಷದೊಳಗೆ ನಾವು ಸರದಿಯಿಲ್ಲದೆ ಒಳಗಿದ್ದೆವು, ಲಿಫ್ಟಿನಲ್ಲಿ ಮೇಲಿದ್ದೆವು. ನನ್ನ ಅಂಗವಿಕಲರ ಗುರುತಿನ ಚೀಟಿಯನ್ನು ನೋಡಿ ಟಿಕೆಟ್ ಕಿಟಕಿಯವರು ನಮ್ಮಿಬ್ಬರಿಂದಲೂ ಹಣ ಪಡೆಯಲಿಲ್ಲ. ಅಂಗವಿಕಲರಿಗೂ ಅವರಿಗೆ ನೆರವಾಗಿ ಬಂದ ಒಬ್ಬರಿಗೂ ಅಲ್ಲಿ ಪ್ರವೇಶ ಉಚಿತ. ಹಾಗಿದ್ದರೆ ಇನ್‌ವಾಯ್ಸಿನಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ ‘ಉಫಿತ್ಸಿ ಪ್ರವೇಶ’ ಎಂದು ಬರೆದು ಪಡೆದ ಹಣ ಎಲ್ಲಿ ಹೋಯಿತು ಎಂದು ನಾನು ಎರಡೂ ಇಮೇಲ್‌ಗಳಲ್ಲಿ ಕೇಳಿದ್ದೇನೆ. ಎರಡಕ್ಕೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಬಂದಿದೆ. ಉಫಿತ್ಸಿ ಎಂದರೆ ‘ಕಚೇರಿಗಳು’ ಎಂದರ್ಥ. ಫ್ಲಾರೆನ್ಸನ್ನು ಆಳುತ್ತಿದ್ದ ಕೋಸಿಮೊ ಮೆಡಿಚಿಯ ಆಡಳಿತ ಕಚೇರಿಗಳಿಗೆಂದು ವಾಸ್ತುಶಿಲ್ಪಿ ವಸಾರಿ 1560ರಲ್ಲಿ ಕಟ್ಟಲಾರಂಭಿಸಿದ ಕಟ್ಟಡವದು. ಆ ಹಳೆಯ ಕಚೇರಿಯೊಳಕ್ಕೆ ಹೋಗುವುದು ನಿಮ್ಮ ಹೊಸ ಕಚೇರಿಯಿಂದ ಒಂದು ಉತ್ತರ ಪಡೆಯುವುದಕ್ಕಿಂತ ಸುಲಭವಾಗಿತ್ತು.

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೆ. ಉಫಿತ್ಸಿಯಲ್ಲಿರುವ, ಚಿತ್ರಕಾರ ಬೊಟಿಚೆಲ್ಲಿಯ ‘ಪ್ರಿಮವೇರಾ’ ಮರದ ಹಲಗೆಯ ಮೇಲಿನ ಚಿತ್ರ, ‘ವೀನಸ್‌ನ ಜನನ’ ಬಟ್ಟೆಯ ಮೇಲಿನದು, ಆ ವ್ಯತ್ಯಾಸ ಬಣ್ಣದಲ್ಲಿ ಕಾಣುತ್ತದೆ ಎಂದು ಮಾಸಿದ ಮುದ್ರಣಗಳನ್ನು ತೋರಿಸಿ ಮಕ್ಕಳಿಗೆ ಹೇಳುತ್ತಿದ್ದೆ. ನಾನು ಕಣ್ಣಾರೆ ಕಂಡಿರಲಿಲ್ಲ. ಅದನ್ನು ಕಾಣಲೆಂದೇ ನಿವೃತ್ತಿಯ ಹಣದಿಂದ ಹೋದದ್ದು. ದೊರೆತದ್ದು ಮೂವತ್ತೈದು ನಿಮಿಷ, ಏಕೆಂದರೆ ಬಸ್ಸಿನ ಹೊತ್ತಾಗಿತ್ತು. ಗುಂಪು ನಮ್ಮನ್ನು ಚೌಕದಲ್ಲಿ ಹುಡುಕದೆ ಅಷ್ಟರಲ್ಲಾಗಲೇ ಅಕಾಡೆಮಿಯಾ ಮುಗಿಸಿತ್ತು. ಮೂಲ ಡೇವಿಡ್‌ನನ್ನು ನಾನು ನೋಡಲಿಲ್ಲ.

ನೆರವು ಶುಲ್ಕ 18,500 ರೂಪಾಯಿ, ಗುಮ್ಮಟದ ಟಿಕೆಟ್, ಉಫಿತ್ಸಿ ಮತ್ತು ಅಕಾಡೆಮಿಯಾಗೆಂದು ನಮ್ಮಿಬ್ಬರಿಂದ ಪಡೆದ ಹಣ, ಇಷ್ಟನ್ನು ಮರಳಿಸಬೇಕೆಂದು ಹಿಂದಿನ ಇಮೇಲ್‌ಗಳಲ್ಲಿ ಕೇಳಿದ್ದೆ. ಈಗ ಅಷ್ಟರಿಂದಲೇ ನಾನು ಸುಮ್ಮನಾಗುವೆನೆಂದು ಭಾವಿಸಬೇಡಿ. ಈ ಪತ್ರ ತಲುಪಿದ 15 ದಿನಗಳೊಳಗೆ, ಕೂಪನ್ ಅಲ್ಲದ ಉತ್ತರವೊಂದು ಲಿಖಿತವಾಗಿ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದಾಖಲಿಸುತ್ತೇನೆ. ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಡುವುದರಿಂದ ಪ್ರತಿ ವಿಚಾರಣೆಗೂ ಬೆಂಗಳೂರಿನಿಂದ ಮೈಸೂರಿಗೆ ಬರಬೇಕಾದವರು ನೀವು. ಕೈ ಎತ್ತದ ಏಳು ಜನರಲ್ಲಿ ನಮ್ಮಿಬ್ಬರನ್ನು ಬಿಟ್ಟು ಉಳಿದ ಐವರ ಪೈಕಿ ಮೂವರು ಸಾಕ್ಷಿ ಹೇಳಲು ಒಪ್ಪಿದ್ದಾರೆ, ಒಬ್ಬರ ಮೊಬೈಲಿನಲ್ಲಿ ಮೈಕಿನ ಧ್ವನಿ ಸಮೇತ ವಿಡಿಯೊ ಇದೆ.

ವಿಚಾರಣೆಗೆ ಸಂಸ್ಥೆಯ ಪರವಾಗಿ ದಯವಿಟ್ಟು ಆ ಟೂರ್ ಮ್ಯಾನೇಜರ್ ಅವರನ್ನೇ ಕಳುಹಿಸಿಕೊಡಿ. ಅವರ ಸರದಿ ಬರುವವರೆಗೆ ಎಲ್ಲಿ ಕೂತಿರಬೇಕೆಂದು ನಾನು ಹೇಳುತ್ತೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಗೈರುಹಾಜರಾದ ಪ್ರವಾಸಿ,
ಮೈಸೂರು.